ಬೆನ್ನಿಗೊಪ್ಪುವ ಚೀಲ

(ಹತ್ತನೆಯ ತರಗತಿಯ ಗೈಡ್ಸ್ ವಿದ್ಯಾರ್ಥಿನಿಯರು)

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಕೋಶ ಓದುವುದಕ್ಕೆ ನಮ್ಮ ಮನೆಗಳಲ್ಲಿ ಯಾರ ಅಡ್ಡಿಯೂ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ಅಮ್ಮಂದಿರು ರಾತ್ರಿ ಹತ್ತು ಗಂಟೆಗೂ ಚಹಾ ಮಾಡಿ ಕೊಡುತ್ತಾರೆ. ಆದರೆ ಆ ಗಾದೆಯ ಮೊದಲ ಅರ್ಧ ಅಣ್ಣತಮ್ಮಂದಿರಿಗೂ, ಎರಡನೆಯ ಅರ್ಧ ಮಾತ್ರ ನಮಗೂ ಎಂದು ಯಾರೋ ಪಾಲು ಮಾಡಿಕೊಟ್ಟ ಹಾಗೆ ಕಾಣುತ್ತದೆ. ಇದನ್ನು ದೂರು ಹೇಳಲೆಂದು ನಾವು ಬರೆಯುತ್ತಿಲ್ಲ. ಕಳೆದ ಎರಡು ವರ್ಷಗಳಲ್ಲಿ ನಮ್ಮ ಗೈಡ್ಸ್ ತಂಡಕ್ಕೆ ಒದಗಿದ ಒಂದು ಕಷ್ಟವನ್ನೂ, ಅದರಿಂದ ನಾವು ಕಲಿತ ಪಾಠವನ್ನೂ ನಮ್ಮ ತಂಗಿಯರಿಗೂ ಅವರ ತಾಯಿತಂದೆಯರಿಗೂ ತಿಳಿಸಬೇಕೆಂಬುದು ನಮ್ಮ ಆಸೆ.

ನಾವು ಎಂಟನೆಯ ತರಗತಿಯಲ್ಲಿದ್ದಾಗ, 2023ರ ಡಿಸೆಂಬರಿನಲ್ಲಿ, ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳನ್ನು ಎರಡು ರಾತ್ರಿಗಳ ಶಿಬಿರಕ್ಕೆ ರಾಣಿಪುರಂಗೆ ಕರೆದುಕೊಂಡು ಹೋಗಿದ್ದರು. ರಾಣಿಪುರಂ ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಇದೆ. ಕಾಞಂಗಾಡಿನಿಂದ ರಾಜಪುರಂ ದಾರಿಯಾಗಿ ಪನತ್ತಡಿಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಬೇಕು. ಅದರ ಹಳೆಯ ಹೆಸರು ಮಾಡತ್ತುಮಲ. ಶಿಖರ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪ ಹೆಚ್ಚು ಎತ್ತರದಲ್ಲಿದೆ. ಕೆಳಗೆ ದಟ್ಟ ಕಾಡು, ಮೇಲೆ ಹುಲ್ಲುಗಾವಲು. ಆಚೆ ಬದಿಯ ಕಾಡು ಕೊಡಗಿನ ತಲಕಾವೇರಿ ವನ್ಯಧಾಮಕ್ಕೆ ಕೂಡಿಕೊಂಡಿದೆ. ಮೇಲೆ ರಾತ್ರಿ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಇಲ್ಲ. ಆದ್ದರಿಂದ ನಮ್ಮ ಟೀಚರ ಪರಿಚಯದವರೊಬ್ಬರ ರಬ್ಬರ್ ತೋಟದ ಪಕ್ಕದ ಬಯಲಿನಲ್ಲಿ ಡೇರೆ ಹಾಕಿದ್ದೆವು. ಎರಡನೆಯ ದಿನ ಬೆಳಗ್ಗೆ ಬೆಟ್ಟ ಹತ್ತಲು ಹೊರಟೆವು.

ನಾವು ಹನ್ನೆರಡು ಮಂದಿ ಹುಡುಗಿಯರಿದ್ದೆವು. ಹನ್ನೆರಡು ಮಂದಿಯ ಬೆನ್ನಿನ ಮೇಲೂ ಬೇರೆ ಯಾರದ್ದೋ ಚೀಲ. ಒಬ್ಬಳದ್ದು ಅಣ್ಣನದ್ದು, ಒಬ್ಬಳದ್ದು ಗಲ್ಫಿನಿಂದ ಬಂದ ಮಾವನದ್ದು, ಇನ್ನೊಬ್ಬಳದ್ದು ಪಕ್ಕದ ಮನೆಯವರಿಂದ ಕೇಳಿ ತಂದದ್ದು. ಕಾಲಿನ ಬೂಟುಗಳೂ ಹಾಗೆಯೇ. ದೊಡ್ಡ ಬೂಟಿನ ತುದಿಗೆ ಪತ್ರಿಕೆಯ ಹಾಳೆ ತುರುಕಿ ಹಾಕಿಕೊಂಡವರು ಮೂವರಿದ್ದರು. ಅದನ್ನು ನೋಡಿ ಆಗ ನಾವೇ ನಕ್ಕಿದ್ದೆವು.

ಕಾಡು ದಾಟಿ ಹುಲ್ಲುಗಾವಲಿಗೆ ಕಾಲಿಟ್ಟ ಸ್ವಲ್ಪ ಹೊತ್ತಿನಲ್ಲಿ ನಮ್ಮ ಗೆಳತಿಯೊಬ್ಬಳು ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟಳು. ಇಳಿಜಾರಿನಲ್ಲಿ ನಾಲ್ಕು ಮಾರು ಉರುಳಿದಳು. ಮೊಣಕಾಲು ತರಚಿತು, ಕಾಲಿನ ಗಂಟು ಉಳುಕಿತು. ಟೀಚರೂ ಇಬ್ಬರು ಸ್ಕೌಟ್ಸ್ ಅಣ್ಣಂದಿರೂ ಅವಳನ್ನು ಎತ್ತಿಕೊಂಡು ಕೆಳಗಿಳಿಸಿದರು. ಮರುದಿನ ಜ್ವರ ಬಂತು. ಎರಡು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಊರಿನಲ್ಲಿ ಮಾತಿಗೆ ಮಾತು ಸೇರಿತು. "ಹೆಣ್ಣುಮಕ್ಕಳನ್ನು ಗುಡ್ಡೆ ಹತ್ತಿಸ್ಲಿಕ್ಕೆ ಇವರಿಗೆ ಯಾರು ಹೇಳಿದ್ದು?" ಎಂದು ಕೆಲವರು ಕೇಳಿದರು. 2024ರಲ್ಲಿ ಸ್ಕೌಟ್ಸ್ ಹುಡುಗರು ಎಂದಿನಂತೆ ಶಿಬಿರಕ್ಕೆ ಹೋದರು. ನಮ್ಮ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅವರು ಹಿಂದಿರುಗಿ ಬಂದು ಕಥೆ ಹೇಳಿದಾಗ ನಾವು ಬೆಂಚಿನಲ್ಲಿ ಕುಳಿತು ಕೇಳಿದೆವು.

ಬಿದ್ದ ಗೆಳತಿಯನ್ನು ನಾವು ಬಯ್ಯಲಿಲ್ಲ. ಆದರೆ ಸುಳ್ಳು ಹೇಳಬಾರದು, ನಮ್ಮಲ್ಲಿ ಕೆಲವರಿಗೆ ಅವಳ ಮೇಲೆ ಒಳಗೊಳಗೇ ಸಿಟ್ಟಿತ್ತು. ಅದು ಅವಳಿಗೂ ಗೊತ್ತಿತ್ತು. ಊಟದ ಹೊತ್ತಿಗೆ ನಮ್ಮ ಜತೆ ಕೂರುವುದನ್ನು ಅವಳು ನಿಧಾನವಾಗಿ ಬಿಟ್ಟಳು.

ಹತ್ತನೆಯ ತರಗತಿಗೆ ಬಂದ ಮೇಲೆ, 2025ರ ಜೂನಿನಲ್ಲಿ, ಒಂದು ದಿನ ಜೋರು ಮಳೆಗೆ ಶಾಲೆಯ ಜಗಲಿಯಲ್ಲಿ ಎಲ್ಲರೂ ನಿಂತಿದ್ದಾಗ ಅವಳೇ ಮಾತು ತೆಗೆದಳು. ಅಂದು ಅವಳು ಬೆಳಗ್ಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲವಂತೆ. ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತದೆ, ಹೋಗುವುದೆಲ್ಲಿಗೆ? ಹುಡುಗರು ಪೊದೆಯ ಮರೆಗೆ ಹೋಗಿ ಬರುತ್ತಿದ್ದರು. ಹುಡುಗಿಯರ ವಿಷಯವನ್ನು ಯಾರೂ ಎತ್ತಿರಲಿಲ್ಲ. ಕೇಳಲು ಅವಳಿಗೆ ನಾಚಿಕೆಯಾಗಿತ್ತು. ನೀರು ಕುಡಿಯದೆ, ಮೂತ್ರ ತಡೆದು ಹಿಡಿದು ಸೋಂಕಾಗಿದೆ ಎಂದು ಡಾಕ್ಟರು ಅವಳ ಅಮ್ಮನಿಗೆ ಹೇಳಿದ್ದರಂತೆ. ಅಮ್ಮ ಅದನ್ನು ಯಾರಿಗೂ ಹೇಳಿರಲಿಲ್ಲ.

ಅವಳು ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಒಪ್ಪಿಕೊಂಡೆವು. ಅಂದು ನಾವು ಹನ್ನೆರಡು ಮಂದಿಯೂ ನೀರು ಕುಡಿದಿರಲಿಲ್ಲ. ಬಿದ್ದದ್ದು ಅವಳೊಬ್ಬಳು, ಅಷ್ಟೇ. ಇಬ್ಬರಿಗೆ ಆ ದಿನಗಳಲ್ಲೇ ಮುಟ್ಟಾಗಿತ್ತು. ಬಟ್ಟೆ ಬದಲಿಸಲು ಜಾಗವಿಲ್ಲದೆ ಸಂಜೆಯವರೆಗೆ ಹಾಗೆಯೇ ನಡೆದಿದ್ದರು. ಇಷ್ಟನ್ನೂ ಒಂದೂವರೆ ವರ್ಷ ನಾವು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಮುಂದಿನ ಶನಿವಾರ ನಾವೆಲ್ಲ ಆ ಗೆಳತಿಯ ಮನೆಗೆ ಹೋದೆವು. ಅವಳ ಅಜ್ಜಿಗೆ ಎಂಬತ್ತು ದಾಟಿದೆ. ನಮ್ಮ ಮಾತನ್ನೆಲ್ಲ ಕೇಳಿಕೊಂಡ ಅಜ್ಜಿ, ಅಟ್ಟದ ಮೇಲಿಂದ ಒಂದು ವಸ್ತುವನ್ನು ಇಳಿಸಿ ತರಲು ಹೇಳಿದರು. ಅದು ಅವರ ಹಳೆಯ ಗೊರಬೆ. ನಮ್ಮಲ್ಲಿ ಕೆಲವರು ಅದನ್ನು ನೋಡಿದ್ದು ಅದೇ ಮೊದಲು. ಬಿದಿರಿನ ಕಡ್ಡಿಗಳ ಚೌಕಟ್ಟಿಗೆ ಒಣಗಿದ ಗರಿಗಳನ್ನು ಹೊದಿಸಿ ಮಾಡಿದ್ದು. ತಲೆಯಿಂದ ಬೆನ್ನಿನ ಕೆಳಗಿನವರೆಗೆ ದೋಣಿಯ ಹಾಗೆ ಮುಚ್ಚುತ್ತದೆ. ಆಟಿಯ ಮಳೆಯಲ್ಲಿ ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವ ಹೆಂಗಸರು ಹಾಕಿಕೊಳ್ಳುತ್ತಿದ್ದದ್ದು ಅದನ್ನೇ. ಕೊಡೆ ಹಿಡಿದರೆ ಒಂದು ಕೈ ಹೋಯಿತು. ಗೊರಬೆ ಹಾಕಿದರೆ ಎರಡು ಕೈಯೂ ಕೆಲಸಕ್ಕೆ ಸಿಗುತ್ತದೆ.

"ಇದನ್ನು ನನಗೆ ಅಂತಲೇ ಮಾಡಿಸಿದ್ದು. ಉದ್ದದವಳಿಗೆ ಉದ್ದ, ಗಿಡ್ಡದವಳಿಗೆ ಗಿಡ್ಡ. ಇನ್ನೊಬ್ಬಳದ್ದು ಹಾಕಿದರೆ ಬೆನ್ನು ಚಂಡಿ ಆಗ್ತದೆ, ಇಲ್ಲದಿದ್ದರೆ ಕೆಸರಿಗೆ ತಾಗ್ತದೆ," ಎಂದರು ಅಜ್ಜಿ. "ನಾವು ಇಡೀ ದಿನ ಮಳೆಯಲ್ಲಿ ನಿಂತವರು. ನಮ್ಮದು ಅಂತ ಸಾಮಾನು ಇತ್ತು, ಅದಕ್ಕೆ ನಿಂತೆವು. ನೀವು ಯಾರ್ಯಾರದ್ದೋ ಹೊತ್ತುಕೊಂಡು ಹೋದದ್ದು ಎಂತಕ್ಕೆ?"

"ಆಗ ಅಜ್ಜಿ, ಮೂತ್ರಕ್ಕೆಲ್ಲ ಎಲ್ಲಿಗೆ ಹೋಗ್ತಿದ್ದಿರಿ?" ಎಂದು ನಮ್ಮಲ್ಲೊಬ್ಬಳು ಕೇಳಿಯೇಬಿಟ್ಟಳು.

"ನಾಲ್ಕು ಜನ ಒಟ್ಟಿಗೆ ಹೋಗ್ತಿದ್ದೆವು. ಮೂವರು ತಿರುಗಿ ನಿಲ್ಲುವುದು, ಒಬ್ಬಳು ಕೂರುವುದು. ಅದಕ್ಕೆಂತ ನಾಚಿಕೆ?"

ಆ ಸಂಜೆ ನಾವು ಒಂದು ನಿರ್ಧಾರಕ್ಕೆ ಬಂದೆವು. ನಮಗೆ ಕಡಿಮೆಯಾದದ್ದು ಧೈರ್ಯವಲ್ಲ, ನಮ್ಮ ಮೈಗೆ ಹೊಂದುವ ಸಾಮಾನು. ಅದನ್ನು ಮಾಡಿಕೊಳ್ಳಬಹುದು.

ನಮ್ಮ ಗೈಡ್ ಕ್ಯಾಪ್ಟನ್ ಟೀಚರಿಗೆ ವಿಷಯ ತಿಳಿಸಿದೆವು. ಅವರು ನಮ್ಮನ್ನು ಬಯ್ಯಲಿಲ್ಲ. "ಇದನ್ನು ನಾನೇ ನಿಮ್ಮಲ್ಲಿ ಕೇಳಬೇಕಿತ್ತು, ನನ್ನದೂ ತಪ್ಪು" ಎಂದರು. ಆಮೇಲೆ ಗ್ರಂಥಾಲಯದ ಅವಧಿಯಲ್ಲಿ ನಮ್ಮನ್ನು ಕೂರಿಸಿಕೊಂಡು, ಬೆಟ್ಟ ಹತ್ತಿದ ಹೆಂಗಸರ ಕಥೆಗಳನ್ನು ಹೇಳಿದರು.

ಆಲ್ಪ್ಸ್ ಪರ್ವತಗಳ ಮ್ಯಾಟರ್‌ಹಾರ್ನ್ ಶಿಖರವನ್ನು ಏರಿದ ಮೊದಲ ಮಹಿಳೆ ಇಂಗ್ಲೆಂಡಿನ ಲೂಸಿ ವಾಕರ್. 1871ರಲ್ಲಿ ಅವರು ಅದನ್ನು ಏರಿದ್ದು ಉದ್ದನೆಯ ಲಂಗ ತೊಟ್ಟುಕೊಂಡೇ. ಇಪ್ಪತ್ತನಾಲ್ಕು ವರ್ಷಗಳ ಬಳಿಕ, 1895ರಲ್ಲಿ, ಅಮೆರಿಕದ ಆನಿ ಪೆಕ್ ಎಂಬವರು ಅದೇ ಶಿಖರವನ್ನು ಲಂಗವಿಲ್ಲದೆ, ಮೊಣಕಾಲಿನವರೆಗಿನ ಚಡ್ಡಿ ತೊಟ್ಟು ಏರಿದರು. ಆಗ ಜನ ಮಾತಾಡಿಕೊಂಡದ್ದು ಅವರ ಸಾಹಸಕ್ಕಿಂತ ಹೆಚ್ಚಾಗಿ ಅವರ ಉಡುಪಿನ ಬಗ್ಗೆ. ನಮ್ಮ ಊರಿನ ಜನ ಮಾತ್ರ ಹೀಗೆ ಎಂದು ತಿಳಿದಿದ್ದ ನಮಗೆ ಇದನ್ನು ಕೇಳಿ ನಗು ಬಂತು.

ಜಪಾನಿನ ಜುಂಕೊ ತಾಬೆಯವರ ಕಥೆ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. 1975ರ ಮೇ 16ರಂದು ಎವರೆಸ್ಟ್ ಏರಿದ ಅವರು ಆ ಶಿಖರ ಮುಟ್ಟಿದ ಜಗತ್ತಿನ ಮೊದಲ ಮಹಿಳೆ. ಹೆಂಗಸರ ತಂಡಕ್ಕೆ ಹಣ ಕೊಡಲು ಹೆಚ್ಚಿನವರು ಮುಂದೆ ಬರಲಿಲ್ಲ. ಹೆಂಗಸರು ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿರಬೇಕು ಎಂಬ ಬುದ್ಧಿವಾದವೂ ಸಿಕ್ಕಿತು. ಕೈಯಲ್ಲಿ ಹಣ ಕಡಿಮೆ ಇದ್ದ ಅವರು ಕಾರಿನ ಸೀಟಿನ ಹಳೆಯ ಹೊದಿಕೆಗಳಿಂದ ನೀರು ಹಿಡಿಯದ ಚೀಲಗಳನ್ನೂ ಕೈಗವಸುಗಳನ್ನೂ ಹೊಲಿದುಕೊಂಡರು. ಹೆಬ್ಬಾತಿನ ಪುಕ್ಕ ತರಿಸಿ ಮಲಗುವ ಚೀಲಗಳನ್ನು ತಾವೇ ಮಾಡಿಕೊಂಡರು. ಮೇಲೆ ಹಿಮಪಾತವಾಗಿ ಡೇರೆಗಳು ಹೂತುಹೋಗಿ ತಾಬೆ ಕೆಲವು ನಿಮಿಷ ಎಚ್ಚರ ತಪ್ಪಿದ್ದರು. ಅದಾಗಿ ಹನ್ನೆರಡು ದಿನಗಳಲ್ಲಿ ಅವರು ಶಿಖರದ ಮೇಲೆ ನಿಂತಿದ್ದರು.

ನಮ್ಮ ದೇಶದಿಂದ ಎವರೆಸ್ಟ್ ಏರಿದ ಮೊದಲ ಮಹಿಳೆ ಬಚೇಂದ್ರಿ ಪಾಲ್. 1984ರ ಮೇ 23ರಂದು ಅವರು ಶಿಖರ ಮುಟ್ಟಿದರು. ಉತ್ತರಕಾಶಿ ಸೀಮೆಯ ನಾಕುರಿ ಎಂಬ ಹಳ್ಳಿಯವರು. ಬಟ್ಟೆ ಹೊಲಿದು ತಮ್ಮ ಓದಿನ ಖರ್ಚನ್ನು ತಾವೇ ಸಂಪಾದಿಸಿದವರು.

ಇವರಿಬ್ಬರ ಬದುಕಿನಲ್ಲಿ ಇನ್ನೊಂದು ವಿಷಯ ನಮಗೆ ಮುಖ್ಯವಾಗಿ ಕಂಡಿತು. ತಾಬೆ ಮೊದಲ ಬಾರಿ ಬೆಟ್ಟ ಹತ್ತಿದ್ದು ಹತ್ತನೆಯ ವಯಸ್ಸಿನಲ್ಲಿ, ತಮ್ಮ ತರಗತಿಯ ಮಕ್ಕಳೊಡನೆ, ಶಿಕ್ಷಕರ ಹಿಂದೆ. ನಾಸು ಎಂಬ ಬೆಟ್ಟವದು. ಬಚೇಂದ್ರಿ ಪಾಲ್ ಅವರ ಮೊದಲ ಆರೋಹಣವೂ ಹನ್ನೆರಡನೆಯ ವಯಸ್ಸಿನಲ್ಲಿ, ಶಾಲೆಯ ಮಕ್ಕಳ ಜತೆ ವನಭೋಜನಕ್ಕೆ ಹೋದಾಗಲೇ ಆಯಿತು. ಆ ಎರಡು ಶಾಲೆಗಳ ಪಟ್ಟಿಯಲ್ಲಿ ಹುಡುಗಿಯರ ಹೆಸರು ಬಿಟ್ಟುಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆವು.

ಈ ಪ್ರಶ್ನೆಯನ್ನೇ ನಾವು ಆಗಸ್ಟ್ ತಿಂಗಳ ರಕ್ಷಕ ಶಿಕ್ಷಕ ಸಂಘದ ಸಭೆಯ ಮುಂದಿಟ್ಟೆವು. ಜತೆಗೆ ಒಂದು ಪಟ್ಟಿಯನ್ನೂ ಕೊಟ್ಟೆವು: ಶಿಬಿರಕ್ಕೆ ಏನೇನು ಬೇಕು, ಅದರಲ್ಲಿ ನಾವು ಮಾಡಿಕೊಳ್ಳುವುದೇನು, ಶಾಲೆ ಒದಗಿಸಬೇಕಾದದ್ದೇನು. ಪಟ್ಟಿಯ ಮೊದಲನೆಯ ಸಾಲಿನಲ್ಲಿ ಹುಡುಗಿಯರಿಗಾಗಿ ಒಂದು ಮರೆಯ ಡೇರೆ ಎಂದು ಬರೆದಿದ್ದೆವು. ಅದನ್ನು ಗಟ್ಟಿಯಾಗಿ ಓದುವಾಗ ನಮ್ಮ ಮುಖ್ಯ ನಾಯಕಿಯ ಸ್ವರ ನಡುಗಿತು. ಸಭೆಯಲ್ಲಿ ಗುಸುಗುಸು ಎದ್ದಿತು. ಎಸ್‌ಎಸ್‌ಎಲ್‌ಸಿಯ ವರ್ಷದಲ್ಲಿ ಇದೆಲ್ಲ ಎಂತಕ್ಕೆ ಎಂದು ಒಬ್ಬರು ಕೇಳಿದರು. ಆಗ ಬಿದ್ದ ಗೆಳತಿಯ ಅಮ್ಮ ಎದ್ದು ನಿಂತರು. ಅವರು ಸಭೆಗಳಲ್ಲಿ ಮಾತಾಡುವವರಲ್ಲ. ಡಾಕ್ಟರು ಅಂದು ಹೇಳಿದ್ದನ್ನು ಎಲ್ಲರ ಮುಂದೆ ಹೇಳಿದರು. "ನಾನು ಆಗಲೇ ಹೇಳಬೇಕಿತ್ತು. ಮರ್ಯಾದೆಗೆ ಹೆದರಿ ಸುಮ್ಮನಿದ್ದೆ. ನನ್ನಿಂದಾಗಿ ಉಳಿದ ಮಕ್ಕಳೂ ಮನೆಯಲ್ಲಿ ಕೂರುವ ಹಾಗಾಯಿತು," ಎಂದು ಕುಳಿತುಬಿಟ್ಟರು.

ನಮ್ಮ ಗೆಳತಿಯ ಅಪ್ಪನಿಗೆ ಈ ವಿಷಯ ತಿಳಿದದ್ದು ಅಂದೇ. ಅವರು ಮನೆಗೆ ಹೋಗುವವರೆಗೂ ಮಾತಾಡಲಿಲ್ಲವಂತೆ. ರಾತ್ರಿ ಊಟವಾದ ಮೇಲೆ ಮಗಳಿಗೆ ಒಂದೇ ಮಾತು ಹೇಳಿದರಂತೆ: "ಹೋಗು. ಆದರೆ ನೀರಿನ ಬಾಟ್ಲಿ ಖಾಲಿ ಆಗಿ ಬರಬೇಕು."

ಇನ್ನು ನಾವು ಮಾಡಿಕೊಂಡ ಸಾಮಾನಿನ ವಿಷಯ. ತಂಗಿಯರಿಗೆ ಉಪಯೋಗವಾಗಲಿ ಎಂದು ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಮೊದಲನೆಯದು ಚೀಲ. ಬೆಟ್ಟಕ್ಕೆ ಹೋಗುವ ಚೀಲದ ಭಾರ ಭುಜದ ಮೇಲೆ ಬೀಳಬಾರದು, ಸೊಂಟದ ಎಲುಬಿನ ಮೇಲೆ ಕೂರಬೇಕು. ಅದಕ್ಕೆ ಸೊಂಟದ ಪಟ್ಟಿ ಬೇಕು. ಗಂಡಸರ ಬೆನ್ನಿಗಿಂತ ಹೆಂಗಸರ ಬೆನ್ನು ಸಾಮಾನ್ಯವಾಗಿ ಗಿಡ್ಡ. ಆದ್ದರಿಂದ ಅಣ್ಣನ ಚೀಲ ಹೊತ್ತರೆ ಅದರ ಪಟ್ಟಿ ಸೊಂಟದಿಂದ ಕೆಳಗೆ ಜಾರಿ, ಭಾರವೆಲ್ಲ ಭುಜವನ್ನು ಕೊಯ್ಯುತ್ತದೆ. ತಲೆ ಬಗ್ಗಿಸಿದಾಗ ಕುತ್ತಿಗೆಯ ಹಿಂದೆ ಕೈಗೆ ಸಿಗುವ ಉಬ್ಬಿದ ಎಲುಬಿನಿಂದ ಸೊಂಟದೆಲುಬಿನ ಮೇಲಂಚಿನವರೆಗೆ ಟೇಪು ಹಿಡಿದು ಅಳೆದರೆ ನಮ್ಮ ಬೆನ್ನಿನ ಅಳತೆ ಸಿಗುತ್ತದೆ. ಹನ್ನೆರಡು ಮಂದಿಯ ಅಳತೆಯನ್ನು ಬರೆದುಕೊಂಡು ಊರಿನ ಕುಟುಂಬಶ್ರೀ ಘಟಕದಲ್ಲಿ ಹೊಲಿಗೆ ಮಾಡುವ ಅಕ್ಕಂದಿರ ಬಳಿಗೆ ಹೋದೆವು. ನಮ್ಮ ಹಳೆಯ ಚೀಲಗಳನ್ನೇ ಬಿಚ್ಚಿ, ಭುಜದ ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸಿ, ಹಳೆಯ ಕುಶನಿನ ಸ್ಪಂಜು ಇಟ್ಟು ಸೊಂಟದ ಪಟ್ಟಿ ಹೊಲಿದುಕೊಟ್ಟರು. ಎದೆಯ ಮೇಲೆ ಒತ್ತದ ಹಾಗೆ ಪಟ್ಟಿಯನ್ನು ಸ್ವಲ್ಪ ಬಾಗಿಸಿ ಹೊಲಿಯಬೇಕು ಎಂದು ನಾವು ಹೇಳುವ ಮೊದಲೇ ಅವರು ಹೇಳಿದರು. ಹೊಲಿಯುವವರು ಹೆಂಗಸರಾದದ್ದರಿಂದ ನಮಗೆ ವಿವರಿಸುವ ಕಷ್ಟ ತಪ್ಪಿತು.

ಚೀಲದ ಒಟ್ಟು ಭಾರ ನಮ್ಮ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂದು ಹೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ನಲವತ್ತು ಕಿಲೋ ಆಸುಪಾಸಿನವರು. ಎಂದರೆ ಎಂಟು ಕಿಲೋ. ಒಬ್ಬಳ ಮನೆಯ ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ ನೋಡಿದರೆ ಮೊದಲ ಸಲ ಹನ್ನೊಂದು ಕಿಲೋ ಬಂತು! ಕನ್ನಡಿ, ಮೂರನೆಯ ಜತೆ ಬಟ್ಟೆ, ಅಮ್ಮ ತುಂಬಿಸಿದ ಎರಡು ಕಿಲೋ ಚಕ್ಕುಲಿ ಹೊರಗೆ ಬಂದವು. ಚಕ್ಕುಲಿಯನ್ನು ಅಲ್ಲೇ ಕುಳಿತು ತಿಂದು ಮುಗಿಸಿದೆವು.

ಎರಡನೆಯದು ಬೂಟು. ಹೆಂಗಸರ ಪಾದದ ಹಿಮ್ಮಡಿ ಮುಂಭಾಗಕ್ಕೆ ಹೋಲಿಸಿದರೆ ಕಿರಿದು. ಗಂಡಸರ ಬೂಟನ್ನು ಸಣ್ಣ ನಂಬರಿನಲ್ಲಿ ತೆಗೆದುಕೊಂಡರೂ ಹಿಮ್ಮಡಿ ಒಳಗೆ ಜಾರಿ ಬೊಕ್ಕೆ ಏಳುತ್ತದೆ. ಇದನ್ನು ಮನೆಯಲ್ಲಿ ಹೊಲಿಯಲಾಗುವುದಿಲ್ಲ. ಆದ್ದರಿಂದ ಓಣಂ ಹಬ್ಬಕ್ಕೆ ಹೊಸ ಬಟ್ಟೆ ಬೇಡವೆಂದು ಹೇಳಿ, ಆ ಹಣದಲ್ಲಿ ಕೆಲವರು ಬೂಟು ತೆಗೆದುಕೊಂಡರು. ಅದನ್ನು ಒಂದು ತಿಂಗಳು ಶಾಲೆಗೆ ಹಾಕಿಕೊಂಡು ಬಂದು ಪಳಗಿಸಿದರು. ಇಂಬಳಗಳ ಕಾಟಕ್ಕೆ ಮೊಣಕಾಲಿನವರೆಗೆ ಬರುವ, ಒತ್ತು ನೂಲಿನ ಬಟ್ಟೆಯ ಕಾಲುಚೀಲ ಹೊಲಿದುಕೊಂಡೆವು. ಚೂಡಿದಾರದ ಪ್ಯಾಂಟನ್ನು ಅದರ ಒಳಗೆ ತುರುಕಿ ಲಾಡಿ ಕಟ್ಟಿದರೆ ಇಂಬಳ ಒಳಗೆ ನುಗ್ಗುವುದಿಲ್ಲ.

ಮೂರನೆಯದು ಹೊದಿಕೆ. ಪೇಟೆಯ ಅಂಗಡಿಯೊಂದರಲ್ಲಿ ಮಲಗುವ ಚೀಲಗಳನ್ನು ನೋಡಿದೆವು. ಅದರ ಚೀಟಿಯಲ್ಲಿ ಎರಡು ಉಷ್ಣತೆಯ ಅಂಕಿಗಳಿದ್ದವು. ಒಂದು ಸುಖವಾಗಿ ನಿದ್ರಿಸಬಹುದಾದ ಚಳಿ, ಇನ್ನೊಂದು ಹೇಗೋ ರಾತ್ರಿ ಕಳೆಯಬಹುದಾದ ಚಳಿ. ಮೊದಲನೆಯದನ್ನು ಹೆಂಗಸರ ಮೈಯನ್ನು ಲೆಕ್ಕಕ್ಕಿಟ್ಟುಕೊಂಡೂ, ಎರಡನೆಯದನ್ನು ಗಂಡಸರ ಮೈಯನ್ನು ಲೆಕ್ಕಕ್ಕಿಟ್ಟುಕೊಂಡೂ ಗೊತ್ತುಮಾಡುತ್ತಾರೆಂದು ಟೀಚರ್ ವಿವರಿಸಿದರು. ಹೆಂಗಸರಿಗೆ ಸಾಮಾನ್ಯವಾಗಿ ಚಳಿ ಬೇಗ ತಾಗುತ್ತದೆ. ಬೆಲೆ ಕೇಳಿ ನಾವು ಚೀಲವನ್ನು ಮೆಲ್ಲನೆ ಕೆಳಗಿಟ್ಟೆವು. ನಮ್ಮ ನವೆಂಬರಿನ ಚಳಿಗೆ ಅಜ್ಜಿಯಂದಿರ ಹಳೆಯ ಸೀರೆಗಳನ್ನು ನಾಲ್ಕು ಪದರ ಮಾಡಿ ಹೊಲಿದ ಹೊದಿಕೆ ಸಾಕಾಯಿತು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮರೆಯ ಡೇರೆ. ನಾಲ್ಕು ಬಿದಿರಿನ ಗಳು, ಸುತ್ತ ದಪ್ಪನೆಯ ಕಪ್ಪು ಟರ್ಪಾಲು, ಬಾಗಿಲಿಗೆ ಎರಡು ಪದರದ ಹಳೆಯ ಸೀರೆ. ನೀರಿನ ತೋಡಿನಿಂದ ಕಡಿಮೆಯೆಂದರೆ ಇನ್ನೂರು ಅಡಿ ದೂರದಲ್ಲಿರಬೇಕು. ಒಂದು ಗೇಣು ಆಳದ ಗುಂಡಿ ತೋಡಿ, ಪ್ರತಿ ಸಲವೂ ಮಣ್ಣು ಮುಚ್ಚಬೇಕು. ಮುಟ್ಟಿನ ಬಟ್ಟೆಗಳನ್ನೂ ಪ್ಯಾಡುಗಳನ್ನೂ ಹೂಳಬಾರದು. ಕಾಗದದಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಹಿಂದೆ ತರಬೇಕು. ಬೆಟ್ಟದ ದಾರಿಗಾಗಿ ಎರಡು ದೊಡ್ಡ ಬೈರಾಸುಗಳನ್ನು ಜೋಡಿಸಿ ಹೊಲಿದು ಒಂದು ಪರದೆ ಮಾಡಿಕೊಂಡೆವು. ಅಜ್ಜಿ ಹೇಳಿದ ಕ್ರಮವೇ: ಮೂವರು ಹಿಡಿದು ತಿರುಗಿ ನಿಲ್ಲುವುದು.

2025ರ ನವೆಂಬರಿನ ಒಂದು ಶುಕ್ರವಾರ ನಾವು ಹೊರಟೆವು. ಆದರೆ ಹನ್ನೆರಡು ಮಂದಿಯಲ್ಲ, ಹನ್ನೊಂದು. ಒಬ್ಬ ಗೆಳತಿಯ ಮನೆಯಲ್ಲಿ ಕೊನೆಯ ಘಳಿಗೆಯಲ್ಲಿ ಒಪ್ಪಲಿಲ್ಲ. ಟೀಚರ್ ಎರಡು ಸಲ ಅವಳ ಮನೆಗೆ ಹೋಗಿ ಬಂದರು. ಪ್ರಯೋಜನವಾಗಲಿಲ್ಲ. ಅವಳ ಅಳತೆಗೆ ಹೊಲಿಸಿದ ಚೀಲ ಶಾಲೆಯಲ್ಲೇ ಉಳಿಯಿತು. ಬಸ್ಸು ಹೊರಡುವಾಗ ಅವಳು ಗೇಟಿನ ಬಳಿ ನಿಂತು ಕೈ ಬೀಸಿದಳು.

ಶನಿವಾರ ಬೆಳಗ್ಗೆ ಬೆಟ್ಟ ಹತ್ತಲು ತೊಡಗಿದೆವು. ಅರಣ್ಯ ಇಲಾಖೆಯ ವಾಚರ್ ಚೇಟನ್ ಮುಂದೆ ನಡೆದರು. ಅವರು ಮಲಯಾಳದಲ್ಲಿ ಹೇಳಿದ್ದನ್ನು ನಮ್ಮಲ್ಲೊಬ್ಬಳು ಹಿಂದಿನವರಿಗೆ ಕನ್ನಡದಲ್ಲೂ, ಇನ್ನೊಬ್ಬಳು ತಮಾಷೆಗೆ ತುಳುವಿನಲ್ಲೂ ಹೇಳುತ್ತಾ ಬಂದಳು. ದಾರಿಯಲ್ಲಿ ಆನೆಯ ಲದ್ದಿ ಬಿದ್ದಿತ್ತು. ಅದು ಹಳೆಯದು, ಹೆದರಬೇಡಿ ಎಂದರು ಚೇಟನ್. ಮೂರೂ ಭಾಷೆಗಳಲ್ಲಿ ಹೇಳಿದರೂ ನಮಗೆ ಹೆದರಿಕೆಯೇ ಆಯಿತು. ಅರ್ಧ ಗಂಟೆಗೊಮ್ಮೆ ಟೀಚರ್ ಸೀಟಿ ಊದುತ್ತಿದ್ದರು. ಸೀಟಿ ಕೇಳಿದೊಡನೆ ಎಲ್ಲರೂ ನಿಂತು ಮೂರು ಗುಟುಕು ನೀರು ಕುಡಿಯಬೇಕು. ಎರಡು ಸಲ ಬೈರಾಸಿನ ಪರದೆ ಹೊರಗೆ ಬಂತು. ಮೊದಲ ಸಲ ಸ್ವಲ್ಪ ಸಂಕೋಚವಾಯಿತು. ಎರಡನೆಯ ಸಲ ಸರತಿಗಾಗಿ ಜಗಳವಾಯಿತು!

ಕಾಡಿನ ನಡುವೆ ಒಬ್ಬಳಿಗೆ ಮುಟ್ಟಾಯಿತು. ಅವಳು ಟೀಚರ ಕಿವಿಯಲ್ಲಿ ಹೇಳಲಿಲ್ಲ, ಸಾಧಾರಣ ಸ್ವರದಲ್ಲೇ ಹೇಳಿದಳು. ಬೇಕಾದದ್ದು ಅವಳ ಚೀಲದಲ್ಲಿತ್ತು. ಐದು ನಿಮಿಷದಲ್ಲಿ ಮತ್ತೆ ನಡೆಯತೊಡಗಿದೆವು.

ಹುಲ್ಲುಗಾವಲಿನಲ್ಲಿ, ಹಿಂದಿನ ಸಲ ಗೆಳತಿ ಬಿದ್ದ ಜಾಗ ಬಂತು. ಯಾರೂ ಏನೂ ಹೇಳದೆ ಎಲ್ಲರೂ ನಿಧಾನವಾದೆವು. ಅವಳು ಮಾತ್ರ ನಿಲ್ಲಲಿಲ್ಲ. ಬಾಟ್ಲಿಯ ಮುಚ್ಚಳ ತೆಗೆದು ನೀರು ಕುಡಿಯುತ್ತಲೇ ಮುಂದೆ ಹೋದಳು.

ಶಿಖರದ ಮೇಲೆ ಗಾಳಿ ಬಹಳ ಜೋರಾಗಿತ್ತು. ಪೂರ್ವಕ್ಕೆ ಬೆಟ್ಟದ ಮೇಲೆ ಬೆಟ್ಟ, ಕೊಡಗಿನ ಸೀಮೆ. ಟೀಚರ್ ಆ ಕಡೆ ಕೈ ತೋರಿಸಿ ಭವಾನಿ ತೆಕ್ಕಡ ನಂಜುಂಡ ಅವರ ಬಗ್ಗೆ ಹೇಳಿದರು. ಕೊಡಗಿನವರಾದ ಅವರು ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ದೂರ ಸಾಗುವ ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ 2025ರಲ್ಲಿ ಚಿಲಿ ದೇಶದಲ್ಲಿ ಕಂಚಿನ ಪದಕ ಗೆದ್ದರು. ಹಿಮ ಬೀಳದ ಊರಿನ ಹುಡುಗಿಗೆ ಹಿಮದ ಮೇಲಿನ ಆಟ! ನಾವು ಹಿಮವನ್ನು ಚಿತ್ರದಲ್ಲಿ ಮಾತ್ರ ಕಂಡವರು. ಗುಲ್ಮಾರ್ಗ್, ಔಲಿಯಂತಹ ಕಡೆ ಸ್ಕೀ ಕಲಿಯಬಹುದೆಂದೂ, ಯಂತ್ರದ ಸಹಾಯವಿಲ್ಲದೆ ಹಿಮದ ಬೆಟ್ಟವನ್ನು ತಾವೇ ಹತ್ತಿ ಜಾರುವವರೂ ಇದ್ದಾರೆಂದೂ ಟೀಚರ್ ಹೇಳಿದರು. ಅಂಥವರು ಸ್ಕೀಯ ಅಡಿಗೆ ಮುಂದಕ್ಕೆ ಮಾತ್ರ ಜಾರುವ, ಹಿಂದಕ್ಕೆ ಜಾರದ ಪಟ್ಟಿ ಅಂಟಿಸಿಕೊಂಡು ಹತ್ತುತ್ತಾರೆ. ಹಿಮದಡಿ ಹೂತುಹೋದವರನ್ನು ಹುಡುಕಲು ಸಂಕೇತ ಕೊಡುವ ಯಂತ್ರ, ಚುಚ್ಚಿ ನೋಡುವ ಕೋಲು, ಸಲಿಕೆ, ಈ ಮೂರನ್ನೂ ಪ್ರತಿಯೊಬ್ಬರೂ ಹೊತ್ತಿರಲೇಬೇಕು. ಹೆಂಗಸರ ಮೀನಖಂಡ ಸ್ವಲ್ಪ ಕೆಳಗಿನಿಂದಲೇ ತುಂಬಿಕೊಳ್ಳುವುದರಿಂದ ಅವರ ಸ್ಕೀ ಬೂಟಿನ ಮೇಲಂಚನ್ನು ತಗ್ಗಿಸಿ ಮಾಡುತ್ತಾರಂತೆ. ಅದನ್ನು ಕೇಳಿದಾಗ ನಮಗೆ ಅಜ್ಜಿಯ ಗೊರಬೆ ನೆನಪಾಯಿತು. ಹಿಮವಾದರೂ ಸರಿ, ಆಟಿಯ ಮಳೆಯಾದರೂ ಸರಿ, ಹೊರಗೆ ನಿಲ್ಲುವವರಿಗೆ ಅವರದ್ದೇ ಅಳತೆಯ ಸಾಮಾನು ಬೇಕು.

ಮಧ್ಯಾಹ್ನ ಮೋಡ ಕಟ್ಟಿತು. ಗುಡುಗು ಕೇಳಿದೊಡನೆ ಚೇಟನ್ ಎಲ್ಲರನ್ನೂ ಇಳಿಸಿದರು. ಕಾಡಿನಲ್ಲಿ ಮಳೆ ಹಿಡಿಯಿತು. ನೆನೆದೆವು, ಜಾರಿದೆವು, ಇಬ್ಬರು ಕೆಸರಿನಲ್ಲಿ ಕುಳಿತೇಬಿಟ್ಟರು. ಆದರೆ ಹನ್ನೊಂದು ಮಂದಿಯೂ ನಮ್ಮ ಕಾಲಿನಲ್ಲೇ ಕೆಳಗೆ ತಲುಪಿದೆವು. ರಾತ್ರಿ ಗಂಜಿ, ಹುರುಳಿ ಚಟ್ನಿ, ಹಪ್ಪಳ. ಅಷ್ಟು ರುಚಿಯಾದ ಗಂಜಿಯನ್ನು ನಾವು ಯಾರೂ ಉಂಡಿಲ್ಲ.

ಭಾನುವಾರ ಸಂಜೆ ಬಸ್ಸಿನಿಂದ ಇಳಿದಾಗ ಗೆಳತಿಯ ಅಪ್ಪ ಕಾಯುತ್ತಿದ್ದರು. ಅವರು ಮಗಳ ಚೀಲದ ಬದಿಯಿಂದ ಬಾಟ್ಲಿ ತೆಗೆದು ಅಲುಗಾಡಿಸಿ ನೋಡಿದರು. ಆಮೇಲೆ ಚೀಲವನ್ನು ತಾವು ಹೊರಲು ಕೈ ಚಾಚಿದರು. "ಬೇಡ ಅಪ್ಪ, ಅದು ನಿಮಗೆ ಆಗುವುದಿಲ್ಲ, ನನ್ನ ಅಳತೆಯದ್ದು," ಎಂದಳು ಅವಳು. ಅಪ್ಪ ನಕ್ಕರು.

ಪ್ರಿಯ ತಂಗಿಯರೇ, ಮಾರ್ಚಿನಲ್ಲಿ ಪರೀಕ್ಷೆ ಮುಗಿಸಿ ನಾವು ಈ ಶಾಲೆಯಿಂದ ಹೋಗುತ್ತೇವೆ. ಮರೆಯ ಡೇರೆಯನ್ನೂ ಬೈರಾಸಿನ ಪರದೆಯನ್ನೂ ಒಗೆದು ಒಣಗಿಸಿ ಗೈಡ್ಸ್ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ಬೆನ್ನು ಅಳೆಯುವ ಕ್ರಮವನ್ನು ದಪ್ಪ ಕಾಗದದಲ್ಲಿ ಚಿತ್ರ ಸಹಿತ ಬರೆದು ಕಪಾಟಿನ ಬಾಗಿಲಿ ಒಳಬದಿಗೆ ಅಂಟಿಸಿದ್ದೇವೆ. ಅದರೊಳಗೆ ಒಂದು ಹೊಸ ಚೀಲವೂ ಇದೆ. ಅದು ಬಾರದೆ ಉಳಿದ ನಮ್ಮ ಗೆಳತಿಯದ್ದು. ಅದು ತನಗೆ ಬೇಡ, ತನ್ನ ಅಳತೆಯ ಹುಡುಗಿ ಯಾರಾದರೂ ಮುಂದಿನ ವರ್ಷ ಹೊತ್ತುಕೊಂಡು ಹೋಗಲಿ ಎಂದು ಅವಳೇ ಹೇಳಿದ್ದಾಳೆ. ಬೆನ್ನಿನ ಅಳತೆ ಹದಿನಾರು ಅಂಗುಲ.

ಮಾನ್ಯ ತಾಯಿತಂದೆಯರೇ, ನಿಮ್ಮ ಹೆದರಿಕೆ ಸುಳ್ಳೆಂದು ನಾವು ಹೇಳುವುದಿಲ್ಲ. ನಮ್ಮಲ್ಲೊಬ್ಬಳು ಬಿದ್ದದ್ದು ನಿಜ. ಮುಂದಿನ ಶಿಬಿರದ ಪತ್ರ ಮನೆಗೆ ಬಂದಾಗ, ಕಳುಹಿಸಬೇಕೋ ಬೇಡವೋ ಎಂದು ನಿಶ್ಚಯಿಸುವ ಮೊದಲು ದಯವಿಟ್ಟು ಮಗಳನ್ನು ಹತ್ತಿರ ಕೂರಿಸಿಕೊಂಡು ಏನೇನು ಬೇಕು ಎಂದು ಕೇಳಿ. ಅವಳು ಹೇಳಲು ನಾಚಿದರೆ ಕಪಾಟಿನಲ್ಲಿರುವ ನಮ್ಮ ಪಟ್ಟಿಯನ್ನು ತರಿಸಿ ಓದಿ. ಅದರ ಮೊದಲನೆಯ ಸಾಲನ್ನು ನಾವು ಅಳಿಸಿಲ್ಲ.